2, 5, 20 ಲೀಟರ್: ಗೋವಾದ ಸೆಕೆಯಲ್ಲಿ ಮೂರು ಓಕ್ ಪೀಪಾಯಿ

ಮದ್ಯ ಮಾಗಿಸಲು ಯಾವ ಗಾತ್ರದ ಪೀಪಾಯಿ ಒಳ್ಳೆಯದು ಎಂದು ನೋಡಲು ಮೂರನ್ನು ಹೋಲಿಸಿದ್ದು. ಮೂರೂ ಅಮೆರಿಕನ್ ಓಕ್, ಒಳಮೈ ಒಂದೇ ಹದಕ್ಕೆ ಸುಟ್ಟದ್ದು. ವಾಸ್ಕೋದಲ್ಲಿ ಪರವಾನಗಿ ಇರುವ ಬಾರಿನ ಸ್ಟೋರ್ ರೂಮಿನಲ್ಲಿ ಏಪ್ರಿಲ್‌ನಲ್ಲಿ ಒಂದೇ ದಿನ ತುಂಬಿದ್ದು. ವಿಸ್ಕಿಗೆ ಬೇಕಾದ ಹಸಿ ಮಾಲ್ಟ್ ಸ್ಪಿರಿಟ್ ಚಿಲ್ಲರೆಯಾಗಿ ಸಿಗುವುದು ಕಷ್ಟ, ಹಾಗಾಗಿ ತುಂಬಿದ್ದು 42.8% ಆಲ್ಕೋಹಾಲ್ ಇರುವ ಫೆನಿ, ಗೇರುಹಣ್ಣಿನಿಂದ ಭಟ್ಟಿ ಇಳಿಸುವ ಗೋವಾದ ಮದ್ಯ. ಮರ ಮಾಡುವ ಕೆಲಸ ಎರಡಕ್ಕೂ ಒಂದೇ.

2 ಲೀಟರಿನದು ಮೂರನೇ ವಾರಕ್ಕೇ ಗಟ್ಟಿ ಚಹಾದ ಬಣ್ಣಕ್ಕೆ ಬಂತು. ವೆನಿಲ್ಲಾ, ಕಾಕಂಬಿಯ ವಾಸನೆ. ಐದನೇ ವಾರಕ್ಕೆ ಎಳೆ ಅಡಿಕೆ ಜಗಿದಂತೆ ನಾಲಿಗೆ ಹಿಡಿಯುವ ಒಗರು. ಅಡಿಯಲ್ಲಿ ಫೆನಿಯ ಹಸಿ ಘಾಟು ಮಾತ್ರ ಹಾಗೇ ಇತ್ತು. ವಿಸ್ಕಿಯವರ 200 ಲೀಟರ್ ಬ್ಯಾರೆಲ್‌ಗೆ ಹೋಲಿಸಿದರೆ ಇದರಲ್ಲಿ ಪ್ರತಿ ಲೀಟರಿಗೆ ತಗಲುವ ಮರ ಸುಮಾರು 4.6 ಪಟ್ಟು. ಒಗರು ಕೊಡುವ ಟ್ಯಾನಿನ್, ಬಣ್ಣ, ವೆನಿಲ್ಲಾ ವಾಸನೆಯ ವೆನಿಲಿನ್ ಬೇಗ ಇಳಿಯುತ್ತವೆ. ಘಾಟು ಕಳೆಯಲು ಆಮ್ಲಜನಕ ನಿಧಾನವಾಗಿ ಒಳಬರಬೇಕು, ಹಣ್ಣಿನ ಪರಿಮಳ ಕೊಡುವ ಎಸ್ಟರ್‌ಗಳು ಕೂಡಬೇಕು. ಆ ಕೆಲಸಕ್ಕೆ ತಿಂಗಳುಗಳೇ ಬೇಕು.

5 ಲೀಟರಿನದು ಎರಡೂವರೆ ತಿಂಗಳಿಗೆ ಕುಡಿಯುವ ಹದ. ಚೆನ್ನಾಗಿದೆ, ಆದರೂ ಮರದ್ದೇ ಮೇಲುಗೈ.

20 ಲೀಟರಿನದು ಎಂಟು ತಿಂಗಳು ತೆಗೆದುಕೊಂಡಿತು. ಜೇನಿನ ಬಣ್ಣ, ಗೇರುಹಣ್ಣಿನ ಪರಿಮಳ ಉಳಿದೇ ಘಾಟು ಮೆತ್ತಗಾಗಿತ್ತು. ಮಾಗಿದ್ದು ಎನ್ನಬಹುದಾದದ್ದು ಇದೊಂದೇ. ಜಾಗ, ದುಡ್ಡು ಇದ್ದರೆ ಬೇರೆ ಯೋಚನೆಯೇ ಬೇಡ.

ಆವಿಯ ಲೆಕ್ಕ ಮರೆಯಬಾರದು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2% ಆವಿಯಾದರೆ, ಗೋವಾದ ವಿಸ್ಕಿ ಗೋದಾಮುಗಳಲ್ಲಿ ದೊಡ್ಡ ಬ್ಯಾರೆಲ್‌ನಿಂದಲೇ 8%ರಷ್ಟು ಹೋಗುತ್ತದೆ. ಚಿಕ್ಕ ಪೀಪಾಯಿಯ ಹಲಗೆಯೂ ತೆಳು, ನಷ್ಟ ಇನ್ನೂ ಹೆಚ್ಚು. ಪುಣೆಯ ಒಣ ಬೇಸಿಗೆಯಲ್ಲಿ ನೀರು ಹೆಚ್ಚು ಹಾರಿ ಕಡಕುತನ (ಆಲ್ಕೋಹಾಲಿನ ಪ್ರಮಾಣ) ನಿಲ್ಲುತ್ತದೆ. ಇಲ್ಲಿಯ ಮಳೆಗಾಲದಲ್ಲಿ ಆಲ್ಕೋಹಾಲೇ ಹೆಚ್ಚು ಹಾರಿ ಕಡಕುತನ ಇಳಿಯುತ್ತದೆ. 42.8%ರಿಂದ ಶುರುಮಾಡುವುದರ ಕೊರತೆ ಇದೇ. ಅಮೆರಿಕದಲ್ಲಿ ಬರ್ಬನ್ ಎಂಬ ಜೋಳದ ವಿಸ್ಕಿಯನ್ನು ಗರಿಷ್ಠ 62.5%ಕ್ಕೆ ತುಂಬಬಹುದು, ಇಳಿಯಲು ಜಾಗ ಇರುತ್ತದೆ. ಆಲ್ಕೋಹಾಲ್ ಅಳೆಯುವ ಹೈಡ್ರೋಮೀಟರ್ ಓದುವಾಗಲೂ ಎಚ್ಚರ: ಮರದಿಂದ ಕರಗಿ ಬಂದ ಅಂಶಗಳಿಂದ ಅದು ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಗೇರುಹಣ್ಣಿನ ರಸದ ಮೊದಲ ಭಟ್ಟಿಯಾದ ಉರ್ರಾಕ್ ಅಂತೂ ಬೇಡವೇ ಬೇಡ, ಅದರಲ್ಲಿ ಅಷ್ಟು ಆಲ್ಕೋಹಾಲೇ ಇಲ್ಲ.

ಕೆಡುವುದು ಹೆಚ್ಚಾಗಿ ತುಂಬುವ ಮೊದಲೇ. ಒಣಗಿದ ಹಲಗೆ ಕುಗ್ಗಿರುತ್ತದೆ, ಹಾಗೇ ಸುರಿದರೆ ಕೀಲುಗಳಲ್ಲಿ ಜಿನುಗುತ್ತದೆ. ಬಿಸಿನೀರು ತುಂಬಿ ಎರಡು ಮೂರು ದಿನ ಬಿಡಿ, ದಿನಾ ನೀರು ಬದಲಿಸಿ; ಈ ಸೆಕೆಗೆ ನಿಂತ ನೀರು ಹುಳಿ ನಾರುತ್ತದೆ. ಆಮೇಲೂ ಒಸರುವಲ್ಲಿ ಜೇನುಮೇಣ ತಿಕ್ಕಿ. ಮರದ ನಲ್ಲಿಯನ್ನು ನಂಬಬೇಡಿ, ಬಿರಡೆ ತೆಗೆದು ಗಾಜಿನ ಪಿಪೆಟ್‌ನಿಂದ ಎತ್ತಿ. ಜೂನ್ ಬಂತೆಂದರೆ ಹೊರಮೈಗೆ ಬೂಷ್ಟು. ಗೋಡೆಯಿಂದ ದೂರ ಸ್ಟ್ಯಾಂಡಿನ ಮೇಲಿಟ್ಟು, ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ವಾರಕ್ಕೊಮ್ಮೆ ಒರೆಸಿ.

2 ಲೀಟರಿನದನ್ನು ಎಸೆಯಬೇಕಿಲ್ಲ. ಮೊದಲ ತುಂಬುವಿಕೆಯಲ್ಲೇ ಒಗರಿನ ಜೋರು ಇಳಿದಿರುತ್ತದೆ. ಖಾಲಿಯಾದ ದಿನವೇ ಮತ್ತೆ ತುಂಬಿದರೆ ಎರಡನೇ ಸಲ ಎರಡು ತಿಂಗಳಾದರೂ ತಡೆಯುತ್ತದೆ. ನಾಲ್ಕು ದಿನಕ್ಕೊಮ್ಮೆ ರುಚಿ ನೋಡಿ, ಒಗರು ತಲೆಯೆತ್ತುವ ಮುಂಚೆ ಗಾಜಿಗೆ ಇಳಿಸಿ.