ಬೇಸಿಗೆ ಮದುವೆಗೆ ಯಾವ ಸೀರೆ? ನಾಲ್ಕು ಮದುವೆಗೆ ನಾಲ್ಕು ಉಟ್ಟು ನೋಡಿದ್ದು

ಈ ಸಲ ಏಪ್ರಿಲ್ ಮೇನಲ್ಲಿ ನಂಗೆ ನಾಲ್ಕು ಮದುವೆ ಕರೆ ಬಂತು, ಎರಡು ತೀರ್ಥಹಳ್ಳಿ ಕಡೆ ಮನೆ ಅಂಗಳದಲ್ಲೇ, ಒಂದು ಸಾಗರದ ಹತ್ರ, ಇನ್ನೊಂದು ಶಿವಮೊಗ್ಗ ಪೇಟೆಲಿ ಕಲ್ಯಾಣ ಮಂಟಪದಲ್ಲಿ. ಮಲೆನಾಡು ಅಂದ್ರೆ ಯಾವಾಗ್ಲೂ ತಂಪು ಅಂತ ಹೊರಗಿನವ್ರು ತಿಳ್ಕೊಂಡಿರ್ತಾರೆ, ಏಪ್ರಿಲ್‌ನಲ್ಲಿ ಬಂದು ನೋಡ್ಬೇಕು, ಶಿವಮೊಗ್ಗದಲ್ಲಿ 37 ಡಿಗ್ರಿ ದಾಟೋದು ಹೊಸ ವಿಷ್ಯ ಅಲ್ಲ, ತೋಟದ ಕಡೆ ಹೋದ್ರೆ ಬಿಸಿಲು ಸ್ವಲ್ಪ ಕಮ್ಮಿ ಅನ್ಸಿದ್ರೂ ಸೆಕೆ ಮಾತ್ರ ಬಿಡಲ್ಲ. ಅದ್ರ ಮೇಲೆ ನಮ್ಮ ಕಡೆ ಮದುವೆಗೆ ಹೋದ್ರೆ ಕುರ್ಚಿ ಮೇಲೆ ಕೂತು ಬರೋಕಾಗಲ್ಲ, ಪಂಕ್ತಿ ಕೂತ ಕೂಡ್ಲೇ ಯಾರಾದ್ರೂ ಕೋಸಂಬರಿ ಪಾತ್ರೆ ಕೈಗೆ ಕೊಡ್ತಾರೆ, ಬಗ್ಗಿ ಬಗ್ಗಿ ಬಡಿಸ್ಬೇಕು. ಹಾಗಾಗಿ ಫೋಟೋದಲ್ಲಿ ಹೇಗೆ ಕಾಣತ್ತೆ ಅನ್ನೋದೊಂದೇ ನೋಡಿ ಸೀರೆ ಆರಿಸಿದ್ರೆ ಸಾಕಾಗಲ್ಲ.

ಮೊದಲನೇ ಮದುವೆಗೆ ಅಮ್ಮನ ಕಾಂಜೀವರಂ ಉಟ್ಟೆ. ಅರಿಶಿನ ಬಣ್ಣ, ಕಡುಗೆಂಪು ಅಂಚು, ಆ ಅಂದಕ್ಕೆ ಬೇರೆ ಸಾಟಿನೇ ಇಲ್ಲ, ಇವತ್ತೂ ಅದನ್ನೇ ಹೇಳ್ತೀನಿ. ಆದ್ರೆ ಮನೆ ತಕ್ಕಡೀಲಿ ತೂಗಿದ್ರೆ 900 ಗ್ರಾಂ ಹತ್ರ ಬಂತು. ರೇಷ್ಮೆ ಎಳೆ ದಪ್ಪ, ಅಂಚಲ್ಲಿ ಜರಿ ತುಂಬಿರೋದ್ರಿಂದ ಗಾಳಿ ಆಡೋಕೆ ಜಾಗನೇ ಇರಲ್ಲ. ಅಂಗಳಕ್ಕೆ ತಗಡಿನ ಶೀಟ್ ಹಾಕಿದ್ರು, ಧಾರೆ ಮುಹೂರ್ತ ನಡು ಮಧ್ಯಾಹ್ನ, ಧಾರೆ ಮುಗಿಯೋ ಹೊತ್ತಿಗೆ ಬೆನ್ನು ಪೂರ್ತಿ ಒದ್ದೆ. ಹೆಗಲ ಮೇಲೆ ಸೆರಗಿನ ಭಾರಕ್ಕೆ ಪಿನ್ ಹಾಕಿದ ಜಾಗದಲ್ಲಿ ಬ್ಲೌಸ್ ಎಳೀತಾ ಇತ್ತು, ಬಡಿಸೋಕೆ ಬಗ್ಗಿದ್ರೆ ನೆರಿಗೆ ಮುಂದಕ್ಕೆ ಜಗ್ತಾ ಇತ್ತು. ಮನೆಗೆ ಬಂದು ನೋಡಿದ್ರೆ ಕಂಕುಳ ಹತ್ರ ಬೆವರಿನ ಬಿಳಿ ಗೆರೆ. ಅಮ್ಮ ಒಂದು ಮಾತೂ ಬೈಲಿಲ್ಲ, ನೆರಳಲ್ಲಿ ಹರವಿ ಇಟ್ರು ಅಷ್ಟೇ, ನಂಗೆ ಅದೇ ಹೆಚ್ಚು ಬೇಜಾರಾಯ್ತು. ಬೆವರು ತಾಗಿದ ರೇಷ್ಮೆನ ಹಾಗೇ ಮಡಚಿ ಬೀರುಲಿ ಇಡಬಾರ್ದು, ಕಲೆ ಕೂತ್ಕೊಳತ್ತೆ, ಬೆಳ್ಳಿ ಜರಿ ಆದ್ರೆ ಕಪ್ಪಾಗತ್ತೆ. ಸೆಂಟ್ ಹೊಡೆಯೋದಿದ್ರೂ ಸೀರೆ ಉಡೋಕೆ ಮುಂಚೆ ಹೊಡ್ಕೊಳ್ಳಿ, ಜರಿ ಮೇಲೆ ಬೀಳ್ಬಾರ್ದು.

ಎರಡನೇದು ಮೈಸೂರು ಸಿಲ್ಕ್, ಶಿವಮೊಗ್ಗದ ಮದುವೆಗೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ 1912ರಲ್ಲಿ ಶುರುವಾದ ಮೈಸೂರಿನ ಕಾರ್ಖಾನೆ ಸೀರೆ ಇದು, ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯವ್ರು ನಡೆಸ್ತಾರೆ. ನಂದು ಸಣ್ಣ ಅಂಚಿಂದು, ತೂಕ ಕಾಂಜೀವರಂನ ಅರ್ಧ ಇರ್ಬಹುದು. ಕ್ರೇಪ್ ನೂಲಾದ್ರಿಂದ ಬಟ್ಟೆ ಮೈಗೆ ಇಳಿದು ನಿಲ್ಲತ್ತೆ, ನೆರಿಗೆ ಐದೇ ನಿಮಿಷಕ್ಕೆ ಕೂರತ್ತೆ, ಬಸ್ಸಲ್ಲಿ ಕೂತು ಹೋದ್ರೂ ಸುಕ್ಕು ಕಾಣಲ್ಲ. ಮಂಟಪದಲ್ಲಿ ಫ್ಯಾನ್ ಇದ್ದಷ್ಟು ಹೊತ್ತು ಸ್ವರ್ಗ. ಕರೆಂಟ್ ಹೋದ್ಮೇಲೆ ಮಾತ್ರ ಬೆವರಿಗೆ ಕಾಲಿಗೆ ಅಂಟ್ಕೊಳ್ಳೋಕೆ ಶುರುವಾಯ್ತು. ಸಂಜೆ ಮನೆಗೆ ಹೊರಡೋವಾಗ ಗುಡುಗು ಸಮೇತ ಮಳೆ, ನಮ್ಮ ಕಡೆ ಈ ಎರಡು ತಿಂಗ್ಳಲ್ಲಿ ಇದು ಯಾವಾಗ ಬರತ್ತೆ ಅಂತ ಹೇಳಕ್ಕಾಗಲ್ಲ, ನಾನು ಬಸ್‌ಸ್ಟ್ಯಾಂಡ್ ಸೇರೋ ಅಷ್ಟ್ರಲ್ಲಿ ಕೆಳಗಿನ ಒಂದು ಗೇಣು ನೆಂದೋಯ್ತು. ಕ್ರೇಪ್ ನೂಲಿಗೆ ತಿರುಚು ಜಾಸ್ತಿ, ನೀರು ತಾಗಿದ್ರೆ ಮುದುಡ್ಕೊಳತ್ತೆ. ಅಲ್ಲಿ ಫಾಲ್ ಒಂದಳತೆ, ಸೀರೆ ಒಂದಳತೆ ಆಗಿ ಅಂಚು ಅಲೆ ಅಲೆ ಆಗಿತ್ತು, ಫಾಲ್ ಬಿಚ್ಚಿ ಪಾಲಿಷ್‌ಗೆ ಕೊಟ್ಮೇಲೇ ಸರಿಹೋಗಿದ್ದು.

ಮೂರನೇದ್ರ ಮೇಲೆ ನಂಗೆ ತುಂಬಾ ಆಸೆ ಇತ್ತು, ಚಂದೇರಿ. ಮಧ್ಯಪ್ರದೇಶದ ಸೀರೆ, ರೇಷ್ಮೆ ಹತ್ತಿ ಸೇರಿಸಿ ನೇಯೋದು, ಉಟ್ರೆ ಉಟ್ಟಂಗೇ ಅನ್ಸಲ್ಲ, ಅಷ್ಟು ಹಗುರ. ಸಾಗರದವ್ರು ಅಡಿಕೆ ಮರದ ಕಂಬ ನೆಟ್ಟು ಮೇಲೆ ಸೋಗೆ ಹೊದಿಸಿ ಚಪ್ಪರ ಹಾಕಿದ್ರು, ಅದ್ರ ಕೆಳಗೆ ನಿಂತ್ರೆ ತಗಡಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ಮೈಗೇ ಗೊತ್ತಾಗತ್ತೆ. ಅಂಥಾ ತಂಪಲ್ಲೂ ನಂಗೆ ಸೆಕೆ ಆಗ್ತಿತ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ. ಅತ್ತಿಗೆ ಹತ್ರ ಹೇಳಿದ್ದಕ್ಕೆ "ಸೀರೆ ತೆಳು ಇದ್ರೆ ಎಂತ ಆಯ್ತು, ಒಳಗೆ ಉಟ್ಟಿದ್ದು ಸ್ಯಾಟಿನ್ ಲಂಗ ಅಲ್ದಾ ಮಾರಾಯ್ತಿ" ಅಂದ್ರು. ಹೌದು, ಸೀರೆ ಪಾರದರ್ಶಕ ಅಂತ ಅದೇ ಬಣ್ಣದ ಮಿಂಚೋ ಲಂಗ ಹುಡುಕಿ ಉಟ್ಟಿದ್ದೆ, ಬ್ಲೌಸಿನ ಲೈನಿಂಗೂ ಸಿಂಥೆಟಿಕ್, ನಾನು ಟೈಲರ್‌ಗೆ ಕಾಟನ್ನೇ ಹಾಕಿ ಅಂತ ಹೇಳೇ ಇರ್ಲಿಲ್ಲ. ಮೊದಲಿನ ಎರಡು ಮದುವೆಲೂ ಒಳಗೆ ಇದೇ ಕಥೆ, ನಾನು ಸುಮ್ನೆ ಸೀರೆನ ಬೈತಾ ಇದ್ದೆ! ಆದ್ರೂ ಬಡಿಸೋ ಕೆಲ್ಸಕ್ಕೆ ಚಂದೇರಿ ಆಗಲ್ಲ, ಪಿನ್ ಹಾಕಿದಲ್ಲಿ ನೂಲು ಸರಿದು ತೂತು ಬಿತ್ತು, ಅಪ್ಪೆಹುಳಿ ಎರಡು ಹನಿ ಬಿದ್ದಿದ್ದು ಇನ್ನೂ ಪೂರ್ತಿ ಹೋಗಿಲ್ಲ. ಬರೀ ಅಕ್ಷತೆ ಹಾಕಿ ಊಟ ಮಾಡಿ ಬರೋ ಮದುವೆ ಆದ್ರೆ ಸರಿ.

ಕೊನೇ ಮದುವೆಗೆ ಇಳಕಲ್. ದೊಡ್ಡಮ್ಮ ನೋಡಿ "ಮದುವೆಗೆ ನೂಲಿನ ಸೀರೆನಾ" ಅಂತ ಕೇಳಿದ್ರು, ಸೆರಗು ಹರವಿ ತೋರಿಸಿದ್ಮೇಲೆ ಸುಮ್ನಾದ್ರು. ಒಡಲು ಹಸಿರು ಹತ್ತಿ, ಸೆರಗು ಕೆಂಪು ರೇಷ್ಮೆ, ಅದ್ರ ಮೇಲೆ ಬಿಳಿ ಗೋಪುರದ ಸಾಲು. ಒಡಲಿನ ಹಾಸು ನೂಲಿಗೆ, ಅಂದ್ರೆ ಉದ್ದಕ್ಕೆ ಓಡೋ ನೂಲಿಗೆ, ಸೆರಗಿನ ಹಾಸು ನೂಲನ್ನ ಕುಣಿಕೆ ಹಾಕಿ ಜೋಡಿಸ್ತಾರಲ್ಲ, ಅದಕ್ಕೇ ಮೈಗೆ ತಾಗೋ ಕಡೆ ಹತ್ತಿ, ಜನ ನೋಡೋ ಕಡೆ ರೇಷ್ಮೆ. ಬೇಸಿಗೆ ಮದುವೆಗೆ ಇದಕ್ಕಿಂತ ಎಂತ ಬೇಕು? ಈ ಸಲ ಒಳಗೂ ಕಾಟನ್ ಲಂಗ, ಬ್ಲೌಸಿಗೆ ಕಾಟನ್ ಲೈನಿಂಗ್. ಮತ್ತೆ ಅದೇ ತಗಡಿನ ಶೀಟು, ಅದೇ ಮಧ್ಯಾಹ್ನ, ಬೆವರು ಬಂತು, ಬರದೇ ಇರತ್ತಾ, ಆದ್ರೆ ನೂಲು ಹೀರ್ಕೊಂಡು ಗಾಳಿ ತಾಗಿದ ಕೂಡ್ಲೇ ಆರ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಪಂಕ್ತಿ ಬಡಿಸಿದೆ, ಮಳೆ ಬಂದಾಗ ನೆರಿಗೆ ಎತ್ತಿ ಕಟ್ಟಿ ಅಂಗಳ ದಾಟಿದೆ, ನೆರಿಗೆ ಕಳಚ್ಲಿಲ್ಲ. ತಕರಾರು ಅಂದ್ರೆ ಎರಡೇ, ಹೊಸದ್ರಲ್ಲಿ ಬಟ್ಟೆ ಗಡಸು, ಹೊಟ್ಟೆ ಹತ್ರ ಉಬ್ಬಿದಂಗೆ ಕಾಣತ್ತೆ, ಒಂದೆರಡು ಸಲ ಉಟ್ಮೇಲೆ ಮೆತ್ತಗಾಗತ್ತೆ. ಇನ್ನೊಂದು, ಕೃತಕ ರೇಷ್ಮೆ ನೂಲಿನ ಇಳಕಲ್ಲೂ ಅಂಗಡೀಲಿ ಇರತ್ತೆ, ಮಿಂಚತ್ತೆ, ರೇಟೂ ಕಮ್ಮಿ, ಆದ್ರೆ ಸೆಕೆಗೆ ಸ್ವಲ್ಪನೂ ಆಗಲ್ಲ, ಒಡಲು ಹತ್ತಿನಾ ಅಂತ ಕೇಳಿ, ಕೈಲಿ ಮುಟ್ಟಿ ನೋಡಿ ತಗೊಳ್ಳಿ.

ಮೈಸೂರು ಸಿಲ್ಕಿಗೆ ಅನ್ಯಾಯ ಆಗ್ಬಾರ್ದು ಅಂತ ಅದೇ ಮದುವೆಯ ಗೃಹಪ್ರವೇಶಕ್ಕೆ ಸಂಜೆ ಹೊತ್ತಲ್ಲಿ ಕಾಟನ್ ಲಂಗದ ಮೇಲೆ ಅದನ್ನ ಇನ್ನೊಂದ್ಸಲ ಉಟ್ಟೆ. ಕಾಲಿಗೆ ಅಂಟೋದು ನಿಂತೇ ಹೋಯ್ತು. ಹಾಗಾಗಿ ಈಗ ನನ್ನ ಲೆಕ್ಕ ಹೀಗೆ, ಹಗಲು ಚಪ್ಪರದ ಮದುವೆ ಆದ್ರೆ ಇಳಕಲ್, ಸಂಜೆ ಕಾರ್ಯಕ್ರಮಕ್ಕೆ ಮೈಸೂರು ಸಿಲ್ಕ್. ಕಾಂಜೀವರಂನ ಕಾರ್ತೀಕ ಕಳೆದ ಮೇಲಿನ ಚಳಿ ಮದುವೆಗೆ ತೆಗೆದಿಟ್ಟಿದೀನಿ, ಅದ್ರ ಬ್ಲೌಸ್ ಲೈನಿಂಗ್ ಬಿಚ್ಚಿ ಕಾಟನ್ ಹಾಕೋಕೆ ಟೈಲರ್‌ಗೆ ನಿನ್ನೆ ತಾನೇ ಕೊಟ್ಟು ಬಂದೆ.