ಮೇಲು ಯಾವುದು, ಕೆಳಗು ಯಾವುದು: ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಮತ್ತು ಅದರ ದಿಕ್ಕಿನ ಗೋಳ

ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಆಟದಲ್ಲಿ ಮುನ್ ಎಂಬ ಉಪಗ್ರಹದ ಮೇಲೆ ಇಳಿಯಲು ನಾನು ಮೊದಲ ಬಾರಿ ಹೊರಟಾಗ ನೌಕೆಯಲ್ಲಿ ಇಂಧನ ಧಾರಾಳವಾಗಿತ್ತು, ಎಂಜಿನ್ ಸರಿಯಾಗಿಯೇ ಉರಿಯುತ್ತಿತ್ತು, ಕಾಲುಗಳೂ ಬಿಚ್ಚಿಕೊಂಡಿದ್ದವು. ಪರದೆಯ ನಡುವೆ ನೌಕೆ ನೆಟ್ಟಗೆ ನಿಂತಂತೆ ಕಾಣುತ್ತಿತ್ತು. ಆದರೂ ವೇಗ ತಗ್ಗಿಸಲೆಂದು ಎಂಜಿನ್ ಉರಿಸಿದಷ್ಟೂ ವೇಗ ಏರುತ್ತಲೇ ಹೋಗಿ, ಕೊನೆಗೆ ಎಲ್ಲವೂ ಚೂರುಚೂರಾಯಿತು. ನಾನು ಇಳಿಯುತ್ತಿದ್ದುದು ರಾತ್ರಿಯ ಕಡೆಯಲ್ಲಾದ್ದರಿಂದ ನೆಲ ಕಾಣುತ್ತಿರಲಿಲ್ಲ. ಕ್ಯಾಮೆರಾವನ್ನು ನೌಕೆಗೇ ಕಟ್ಟಿಹಾಕಿದಂತಿರುವ ಕ್ರಮದಲ್ಲಿ ಇಟ್ಟಿದ್ದರಿಂದ ನೌಕೆ ಎತ್ತ ತಿರುಗಿದರೂ ನನ್ನ ಕಣ್ಣಿಗೆ ನೆಟ್ಟಗೇ ಇರುತ್ತಿತ್ತು. ಅಸಲಿಗೆ ಅದು ಮೂತಿಯನ್ನು ನೆಲದತ್ತ ಮಾಡಿ ತಲೆಕೆಳಗಾಗಿ ಬೀಳುತ್ತಿತ್ತು, ನಾನು ಅದನ್ನು ಇನ್ನಷ್ಟು ಜೋರಾಗಿ ನೆಲಕ್ಕೆ ನೂಕುತ್ತಿದ್ದೆ. ಪರದೆಯ ಕೆಳಗಿನ ಪುಟ್ಟ ಗೋಳ ಮಾತ್ರ ಅಷ್ಟು ಹೊತ್ತೂ ಕಂದು ಬಣ್ಣ ತೋರಿಸುತ್ತಾ ಸತ್ಯವನ್ನೇ ಹೇಳುತ್ತಿತ್ತು. ಅತ್ತ ನೋಡುವ ಅಭ್ಯಾಸ ನನಗಿರಲಿಲ್ಲ.

2011ರಲ್ಲಿ ಮೊದಲ ಸಾರ್ವಜನಿಕ ಆವೃತ್ತಿ ಕಂಡು 2015ರಲ್ಲಿ ಪೂರ್ಣ ರೂಪದಲ್ಲಿ ಹೊರಬಂದ ಈ ಆಟದ ಬಗ್ಗೆ ಹೇಳಬಹುದಾದದ್ದು ಬಹಳ ಇದೆ. ರಾಕೆಟ್ ಜೋಡಿಸುವ ಖುಷಿ, ಹಸಿರು ಬಣ್ಣದ ಕುಳ್ಳ ಗಗನಯಾನಿಗಳ ತಮಾಷೆ, ಕಕ್ಷೆಯ ಲೆಕ್ಕಾಚಾರ ಇವುಗಳ ಗುಣಗಾನ ಬೇಕಾದಷ್ಟು ನಡೆದಿದೆ. ನಾನು ಇಲ್ಲಿ ಒಂದೇ ಪ್ರಶ್ನೆಯನ್ನು ಹಿಡಿದು ಆಟವನ್ನು ಪರೀಕ್ಷಿಸುತ್ತೇನೆ: ಬಾಹ್ಯಾಕಾಶದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು ಇದು ಆಟಗಾರನಿಗೆ ಎಷ್ಟು ಚೆನ್ನಾಗಿ ತಿಳಿಸಿಕೊಡುತ್ತದೆ? ಹೊಸಬರು ಇಂಧನ ಸಾಲದೆ ಸೋಲುವುದಕ್ಕಿಂತ ದಿಕ್ಕು ತಪ್ಪಿ ಸೋಲುವುದೇ ಹೆಚ್ಚು ಎಂಬುದು ನನ್ನ ಅಂದಾಜು.

ಬಾಹ್ಯಾಕಾಶವನ್ನು ಹಿನ್ನೆಲೆಯಾಗಿ ಇಟ್ಟುಕೊಂಡ ಅನೇಕ ಆಟಗಳು ಈ ಪ್ರಶ್ನೆಯನ್ನೇ ಬದಿಗೆ ಸರಿಸಿಬಿಡುತ್ತವೆ. ಅಲ್ಲಿ ನೌಕೆಗಳು ವಿಮಾನದಂತೆ ಹಾರುತ್ತವೆ, ಎದುರಾಗುವ ನೌಕೆಗಳೆಲ್ಲ ಒಂದೇ ನೆಲಗಟ್ಟಿನ ಮೇಲೆ ನಿಂತಂತೆ ಒಂದೇ ಕಡೆಗೆ ತಲೆ ಮಾಡಿರುತ್ತವೆ. ಕೆರ್ಬಲ್ ಆ ಸುಲಭದ ದಾರಿಯನ್ನು ಹಿಡಿದಿಲ್ಲ. ಇಲ್ಲಿನ ಗ್ರಹವಾದ ಕೆರ್ಬಿನ್‌ನ ತ್ರಿಜ್ಯ 600 ಕಿ.ಮೀ., ಎಂದರೆ ಭೂಮಿಯದರ ಹತ್ತನೇ ಒಂದಕ್ಕಿಂತ ತುಸು ಕಡಿಮೆ. ಆದರೆ ನೆಲಮಟ್ಟದ ಗುರುತ್ವ ಭೂಮಿಯಷ್ಟೇ. 80 ಕಿ.ಮೀ. ಎತ್ತರದ ಕಕ್ಷೆಗೆ ಏರಿದ ಮೇಲೂ ನೆಲದಲ್ಲಿದ್ದ ಗುರುತ್ವದ ಮುಕ್ಕಾಲು ಪಾಲಿಗಿಂತ ಹೆಚ್ಚು ಉಳಿದೇ ಇರುತ್ತದೆ. ಹಾಗಾಗಿ ‘ಕೆಳಗು’ ಎಂಬುದು ಅಲ್ಲಿಯೂ ಇದೆ, ಅದು ಗ್ರಹದ ಕೇಂದ್ರದ ಕಡೆ. ನೌಕೆಯೂ ಅದರೊಳಗಿನವರೂ ಒಟ್ಟಿಗೇ ಬೀಳುತ್ತಿರುವುದರಿಂದ ಅದು ಯಾರ ಅನುಭವಕ್ಕೂ ಬರುವುದಿಲ್ಲ, ಅಷ್ಟೇ. ನಿಜವಾದ ಗಗನಯಾತ್ರಿಗಳ ಒಳಕಿವಿಯಲ್ಲಿ ಗುರುತ್ವವನ್ನು ಗುರುತಿಸುವ ಅಂಗಗಳು ಕಕ್ಷೆಯಲ್ಲಿ ಕೆಲಸಕ್ಕೆ ಬಾರದಾಗುತ್ತವೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಎರಡು ಮೂರು ದಿನ ವಾಕರಿಕೆ, ತಲೆಸುತ್ತು ಕಾಡುತ್ತದೆ. ಪರದೆಯ ಮುಂದೆ ಕುರ್ಚಿಯಲ್ಲಿ ಕುಳಿತವನಿಗೆ ಆ ತೊಂದರೆ ಇಲ್ಲದಿದ್ದರೂ ಇನ್ನೊಂದು ತೊಡಕಿದೆ. ಅವನ ಒಳಕಿವಿ ‘ಕೆಳಗು ಕುರ್ಚಿಯ ಕಡೆಗಿದೆ’ ಎಂದು ಹೇಳುತ್ತಲೇ ಇರುತ್ತದೆ, ಅವನು ಪರದೆಯ ಕೆಳಗಂಚನ್ನೇ ನೆಲವೆಂದು ನಂಬಿಬಿಡುತ್ತಾನೆ. ತ್ರಿಶಂಕುವಿಗೆ ತಾನು ತಲೆಕೆಳಗಾಗಿದ್ದೇನೆ ಎಂಬುದಾದರೂ ಗೊತ್ತಿತ್ತು.

ಇದಕ್ಕೆ ಆಟ ಕೊಡುವ ಉತ್ತರ ನ್ಯಾವ್‌ಬಾಲ್ ಎಂಬ ಗೋಳ. ಅದರ ಅರ್ಧ ನೀಲಿ, ಇನ್ನರ್ಧ ಕಂದು. ನೀಲಿ ಆಕಾಶದ ಕಡೆಯದು, ಕಂದು ನೆಲದ ಕಡೆಯದು, ನಡುವಿನ ಗೆರೆ ದಿಗಂತ. ಗೋಳದ ಮುಂದೆ ಅಲುಗಾಡದೆ ನಿಂತ ಹಳದಿ ಗುರುತು ನೌಕೆಯ ಮೂತಿ. ಉಡಾವಣಾ ಕಟ್ಟೆಯ ಮೇಲೆ ರಾಕೆಟ್ ನೆಟ್ಟಗೆ ನಿಂತಾಗ ಗೋಳದಲ್ಲಿ ಕಾಣುವುದೆಲ್ಲ ನೀಲಿಯೇ, ಏಕೆಂದರೆ ಮೂತಿ ನೆತ್ತಿಯ ಮೇಲಿನ ಆಕಾಶವನ್ನು ನೋಡುತ್ತಿರುತ್ತದೆ. ರಾಕೆಟ್ ಪೂರ್ವಕ್ಕೆ, ಎಂದರೆ 90 ಡಿಗ್ರಿಯ ಕಡೆಗೆ, ವಾಲುತ್ತಾ ಹೋದಂತೆ ದಿಗಂತದ ಗೆರೆ ಗೋಳದ ಮೇಲೆ ಮೆಲ್ಲಗೆ ಮೂಡಿ ಹಳದಿ ಗುರುತಿನ ಹತ್ತಿರಕ್ಕೆ ಬರುತ್ತದೆ. ಈ ಸಾಧನ ಆಟದವರ ಕಲ್ಪನೆಯ ಕೂಸೇನಲ್ಲ. ಅಪೊಲೊ ನೌಕೆಗಳಲ್ಲಿ ಇದೇ ಬಗೆಯ ತಿರುಗುವ ಗೋಳವಿತ್ತು, ಗಗನಯಾತ್ರಿಗಳು ಅದನ್ನು ‘ಎಯ್ಟ್ ಬಾಲ್’ ಎಂದು ಕರೆಯುತ್ತಿದ್ದರು. ಅಂಕಿಗಳ ಮೂರು ಸಾಲನ್ನು ಓದಿ ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳುವುದಕ್ಕಿಂತ ಬಣ್ಣದ ಗೋಳವೊಂದನ್ನು ಒಂದು ನೋಟದಲ್ಲಿ ಗ್ರಹಿಸುವುದು ಎಷ್ಟೋ ಸುಲಭ, ಮತ್ತು ಇಡೀ ಆಟದಲ್ಲಿ ಇದಕ್ಕಿಂತ ಚೆನ್ನಾಗಿ ರೂಪಿಸಿದ ವಸ್ತು ಇನ್ನೊಂದಿಲ್ಲ.

ಕೀಲಿಗಳ ವಿಷಯದಲ್ಲಿ ಹೊಸಬರು ಮಾಡುವ ತಪ್ಪೂ ಇದರೊಂದಿಗೇ ಸೇರಿಕೊಂಡಿದೆ. ಡಬ್ಲ್ಯೂ ಒತ್ತಿದರೆ ಮೂತಿ ಕೆಳಕ್ಕೆ, ಎಸ್ ಒತ್ತಿದರೆ ಮೇಲಕ್ಕೆ, ಎ ಮತ್ತು ಡಿ ಎಡಬಲಕ್ಕೆ, ಕ್ಯೂ ಮತ್ತು ಇ ಉರುಳಿಸಲು. ಇಲ್ಲಿನ ‘ಕೆಳಕ್ಕೆ’ ಎಂಬುದು ಚಾಲಕನ ಕುರ್ಚಿಯ ಕೆಳಗು, ಗ್ರಹದ ಕೆಳಗಲ್ಲ. ರಾಕೆಟ್ಟನ್ನು ತಿರುಗಿಸದೆ ಇದ್ದ ಹಾಗೆಯೇ ಹಾರಿಸಿದರೆ ಡಿ ಒತ್ತಿದಾಗ ಅದು ಪೂರ್ವಕ್ಕೆ ವಾಲುತ್ತದೆ. ದಾರಿಯಲ್ಲಿ ಅದು ಕಾಲು ಸುತ್ತು ಉರುಳಿಕೊಂಡಿತೋ, ಅದೇ ಡಿ ಅದನ್ನು ಉತ್ತರಕ್ಕೋ ದಕ್ಷಿಣಕ್ಕೋ ಒಯ್ಯುತ್ತದೆ. ಕೀಲಿಗಳನ್ನು ಬಾಯಿಪಾಠ ಮಾಡಿಕೊಂಡವರು ಇಲ್ಲಿ ಕಂಗಾಲಾಗುತ್ತಾರೆ. ಗೋಳವನ್ನು ನೋಡುತ್ತಾ, ಬೇಕಾದ ಗುರುತು ಹಳದಿ ಗುರುತಿನ ಕಡೆಗೆ ಸರಿಯುವಂತೆ ಕೀಲಿ ಒತ್ತುವವರಿಗೆ ಈ ಗೊಂದಲವೇ ಇರುವುದಿಲ್ಲ.

ಇನ್ನು ಈ ಆಟದ ಅತ್ಯಂತ ಸೂಕ್ಷ್ಮವಾದ ವಿಷಯಕ್ಕೆ ಬರುತ್ತೇನೆ. ಗೋಳದ ಮೇಲೆ ವೇಗ ತೋರಿಸುವ ಸಣ್ಣ ಪಟ್ಟಿಯೊಂದಿದೆ, ಅದಕ್ಕೆ ಮೂರು ಕ್ರಮಗಳಿವೆ: ನೆಲಕ್ಕೆ ಹೋಲಿಸಿ, ಕಕ್ಷೆಗೆ ಹೋಲಿಸಿ, ಗುರಿಯಾಗಿ ಆರಿಸಿಕೊಂಡ ಇನ್ನೊಂದು ನೌಕೆಗೆ ಹೋಲಿಸಿ. ಉಡಾವಣಾ ಕಟ್ಟೆಯ ಮೇಲೆ ಸುಮ್ಮನೆ ನಿಂತ ರಾಕೆಟ್ ನೆಲದ ಕ್ರಮದಲ್ಲಿ ಸೊನ್ನೆ ವೇಗ ತೋರಿಸುತ್ತದೆ. ಪಟ್ಟಿಯನ್ನು ಒತ್ತಿ ಕಕ್ಷೆಯ ಕ್ರಮಕ್ಕೆ ಬದಲಿಸಿದರೆ ಅದೇ ರಾಕೆಟ್ ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ ಎನ್ನುತ್ತದೆ. ಎರಡೂ ನಿಜ. ಕೆರ್ಬಿನ್ ತನ್ನ ಅಕ್ಷದ ಸುತ್ತ ಆರು ಗಂಟೆಗೊಮ್ಮೆ ತಿರುಗುವುದರಿಂದ ಸಮಭಾಜಕದ ನೆಲವೇ ಆ ವೇಗದಲ್ಲಿ ಓಡುತ್ತಿರುತ್ತದೆ. ಚಲನೆಯ ದಿಕ್ಕು ತೋರಿಸುವ ಪ್ರೋಗ್ರೇಡ್ ಮತ್ತು ಅದಕ್ಕೆ ಎದುರಿನ ರೆಟ್ರೋಗ್ರೇಡ್ ಗುರುತುಗಳು ಈ ಕ್ರಮಕ್ಕೆ ತಕ್ಕಂತೆ ಸ್ಥಳ ಬದಲಿಸುತ್ತವೆ. ಇಳಿಯುವಾಗ ಕಕ್ಷೆಯ ಕ್ರಮದಲ್ಲೇ ಉಳಿದು ರೆಟ್ರೋಗ್ರೇಡ್ ನಂಬಿದರೆ ನೌಕೆ ನೆಲ ತಾಗುವ ಹೊತ್ತಿಗೆ ಪಕ್ಕಕ್ಕೆ ಜಾರುತ್ತಿರುತ್ತದೆ. ಎತ್ತರ ನೋಡಿಕೊಂಡು ಆಟ ತಾನೇ ಕ್ರಮ ಬದಲಿಸುವುದುಂಟು. ಆದರೆ ಆ ಬದಲಾವಣೆಯನ್ನು ಸಾರುವುದು ಸಣ್ಣ ಅಕ್ಷರದ ಒಂದೇ ಪದ. ಇಷ್ಟು ಮುಖ್ಯವಾದ ಸಂಗತಿಗೆ ಬಣ್ಣದ ಬದಲಾವಣೆಯನ್ನೋ ಒಂದು ಸದ್ದನ್ನೋ ಇಡದಿರುವುದು ವಿನ್ಯಾಸದ ದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ.

ಕಕ್ಷೆಯಲ್ಲಿ ಸುಮ್ಮನಿದ್ದರೂ ಗೋಳ ಸುಮ್ಮನಿರುವುದಿಲ್ಲ ಎಂಬುದು ನನ್ನನ್ನು ಬಹುಕಾಲ ಕಾಡಿದ ಒಗಟು. ನೌಕೆಯ ಸ್ಥಿರತಾ ವ್ಯವಸ್ಥೆಯನ್ನು ಚಾಲೂ ಮಾಡಿ ಮೂತಿಯನ್ನು ಪ್ರೋಗ್ರೇಡ್ ಗುರುತಿನ ಮೇಲೆ ಕೂರಿಸಿ, ಕೈ ತೆಗೆದು ಹತ್ತು ನಿಮಿಷ ಬಿಟ್ಟು ಬಂದರೆ ಮೂತಿ ಬೇರೆಲ್ಲೋ ಇರುತ್ತಿತ್ತು. ನೌಕೆ ಅಲುಗಿದೆ ಎಂದು ನಾನು ಬಹಳ ಸಲ ವ್ಯವಸ್ಥೆಯನ್ನು ಬೈದುಕೊಂಡಿದ್ದೇನೆ. ಆದದ್ದು ಇಷ್ಟೇ: ನೌಕೆ ನಕ್ಷತ್ರಗಳಿಗೆ ಹೋಲಿಸಿದರೆ ಒಂದಿಷ್ಟೂ ಅಲುಗಿರಲಿಲ್ಲ, ಅದರ ಅಡಿಯಲ್ಲಿನ ‘ಕೆಳಗು’ ತಿರುಗಿತ್ತು. 80 ಕಿ.ಮೀ. ಎತ್ತರದಲ್ಲಿ ನೌಕೆ ಸೆಕೆಂಡಿಗೆ ಸುಮಾರು 2,280 ಮೀಟರ್ ವೇಗದಲ್ಲಿ ಸಾಗಿ 31 ನಿಮಿಷಗಳಲ್ಲಿ ಗ್ರಹವನ್ನು ಒಂದು ಸುತ್ತು ಹಾಕುತ್ತದೆ. ಗ್ರಹದ ಕೇಂದ್ರದ ದಿಕ್ಕು ಅಷ್ಟರಲ್ಲಿ 360 ಡಿಗ್ರಿ ತಿರುಗುವುದರಿಂದ ನಿಮಿಷಕ್ಕೆ ಹನ್ನೊಂದೂವರೆ ಡಿಗ್ರಿಯಷ್ಟು ಗೋಳ ಉರುಳುತ್ತದೆ. ಅರ್ಧ ಸುತ್ತಿನ ನಂತರ ಮುಂದಕ್ಕೆ ಮುಖ ಮಾಡಿದ್ದ ನೌಕೆ, ತಾನು ಏನನ್ನೂ ಮಾಡದೆ, ಹಿಂದಕ್ಕೆ ಮುಖ ಮಾಡಿರುತ್ತದೆ. ಇದನ್ನು ವಿವರಿಸಿ ಹೇಳುವ ಪಾಠ ಆಟದ ತರಬೇತಿ ಭಾಗದಲ್ಲಿ ನನಗೆ ಕಾಣಲಿಲ್ಲ. ಕಾಗದದ ಮೇಲೆ ವೃತ್ತ ಬರೆದು, ಪೆನ್ಸಿಲನ್ನು ಒಂದೇ ದಿಕ್ಕಿಗೆ ಹಿಡಿದು ಅದರ ಸುತ್ತ ಸರಿಸಿ ನೋಡಿದಾಗ ಗಂಟು ಬಿಚ್ಚಿತು.

ಎರಡು ನೌಕೆಗಳನ್ನು ಜೋಡಿಸುವಾಗ ಈ ಜ್ಞಾನ ನೇರವಾಗಿ ಕೆಲಸಕ್ಕೆ ಬರುತ್ತದೆ. ಗುರಿಯ ಗುಲಾಬಿ ಗುರುತು ಅದು ಯಾವ ದಿಕ್ಕಿನಲ್ಲಿದೆ ಎಂದು ಹೇಳುತ್ತದೆಯೇ ಹೊರತು, ಅದರ ಬಾಗಿಲು ಯಾವ ಕಡೆಗೆ ಮುಖ ಮಾಡಿದೆ ಎಂದು ಹೇಳುವುದಿಲ್ಲ. ಆಟಗಾರರು ಅದಕ್ಕೆಂದೇ ಹೊರಗಿನಿಂದ ಸೇರಿಸಿಕೊಳ್ಳುವ ಪೂರಕ ಉಪಕರಣಗಳನ್ನು ಮಾಡಿಕೊಂಡಿದ್ದಾರೆ. ಅವುಗಳಿಲ್ಲದೆಯೂ ಒಂದು ಉಪಾಯವಿದೆ. ಕಕ್ಷೆಯ ಸಮತಲಕ್ಕೆ ಲಂಬವಾದ ದಿಕ್ಕು, ಗೋಳದ ಮೇಲೆ ನೇರಳೆ ತ್ರಿಕೋನವಾಗಿ ಕಾಣುವ ‘ನಾರ್ಮಲ್’, ಸುತ್ತಿನುದ್ದಕ್ಕೂ ಬದಲಾಗುವುದಿಲ್ಲ. ಒಂದು ನೌಕೆಯ ಬಾಗಿಲನ್ನು ಆ ಕಡೆಗೂ ಇನ್ನೊಂದರದನ್ನು ಅದರ ಎದುರು ಕಡೆಗೂ ತಿರುಗಿಸಿದರೆ, ಎರಡೂ ಮುಖಾಮುಖಿಯಾಗಿ ಉಳಿಯುತ್ತವೆ. ಆಮೇಲೆ ಬೇಕಾಗುವುದು ಎಡಬಲ ಮೇಲುಕೆಳಗಿನ ಸಣ್ಣ ಸರಿಕೆ ಮಾತ್ರ. ಬಾಗಿಲು ನೌಕೆಯ ಪಕ್ಕದಲ್ಲಿದ್ದರೆ ಅದರ ಮೇಲೆ ಬಲಗುಂಡಿ ಒತ್ತಿ ‘ಇಲ್ಲಿಂದ ನಿಯಂತ್ರಿಸು’ ಎಂಬರ್ಥದ ಆಯ್ಕೆಯನ್ನು ಆರಿಸಬೇಕು. ಆಗ ಗೋಳಕ್ಕೆ ಆ ಬಾಗಿಲೇ ಮೂತಿಯಾಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮರಳಿ ಬದಲಿಸಲು ಮರೆತರೆ ಮುಂದಿನ ಉರಿತ ಅಡ್ಡದಾರಿ ಹಿಡಿಯುತ್ತದೆ. ನಾನು ಮರೆತಿದ್ದೇನೆ, ಒಂದಕ್ಕಿಂತ ಹೆಚ್ಚು ಸಲ.

ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿ ಕೀಲಿಯಿಂದ ಕ್ರಮಗಳನ್ನು ಬದಲಿಸಬಹುದು. ತಾನಾಗಿಯೇ ಆರಿಸಿಕೊಳ್ಳುವ ಕ್ರಮದಲ್ಲಿ ಬಿಟ್ಟರೆ ಏರುತ್ತಿರುವಾಗ ಒಂದು ಹಂತದಲ್ಲಿ ದಿಗಂತ ಪಕ್ಕಕ್ಕೆ ವಾಲಿ ಎದೆ ಝಲ್ಲೆನ್ನಿಸುತ್ತದೆ. ಇಳಿಯುವಾಗ ನೆಲವನ್ನು ಕೆಳಗೇ ತೋರಿಸುವ ‘ಫ್ರೀ’ ಕ್ರಮವೇ ಲೇಸು.

ನನ್ನ ನಿಜವಾದ ತಕರಾರು ವೃತ್ತಿಜೀವನದ ಆಟವಿಧಾನದ ಬಗ್ಗೆ. ಅಲ್ಲಿ ಹೊಸ ಚಾಲಕನಿಗೆ ನೌಕೆಯನ್ನು ಇದ್ದಂತೆ ಸ್ಥಿರವಾಗಿ ಹಿಡಿಯುವುದಷ್ಟೇ ಗೊತ್ತು; ಪ್ರೋಗ್ರೇಡ್, ರೆಟ್ರೋಗ್ರೇಡ್‌ಗಳನ್ನು ತಾನಾಗಿ ಹಿಡಿಯುವ ಕೌಶಲ ಒಂದನೇ ಹಂತದಲ್ಲಿ, ನಾರ್ಮಲ್ ಎರಡನೆಯದರಲ್ಲಿ, ಗುರಿಯನ್ನು ಹಿಡಿಯುವುದು ಮೂರನೆಯದರಲ್ಲಿ ದಕ್ಕುತ್ತದೆ. ಕಥೆಗೆ ಇದು ಹೊಂದುತ್ತದೆ. ಆದರೆ ಚಾಲಕ ಹೊಸಬನಾಗಿರುವಾಗ ಆಟಗಾರನೂ ಹೊಸಬನೇ ಆಗಿರುತ್ತಾನೆ ಎಂಬುದನ್ನು ಗಮನಿಸಿದರೆ, ನೆರವು ಹೆಚ್ಚು ಬೇಕಾದಾಗ ಕಡಿಮೆಯೂ, ಅಷ್ಟಾಗಿ ಬೇಡವಾದಾಗ ಪೂರ್ತಿಯೂ ಸಿಗುತ್ತದೆ. ಕಲಿಯುವವರು ಈ ನಿರ್ಬಂಧವಿಲ್ಲದ ‘ಸ್ಯಾಂಡ್‌ಬಾಕ್ಸ್’ ವಿಧಾನದಿಂದ ಆರಂಭಿಸುವುದು ಒಳ್ಳೆಯದು.

ಆ ತಾನಾಗಿ ಹಿಡಿಯುವ ನೆರವಿನಲ್ಲೂ ಒಂದು ಹೊಂಡವಿದೆ. ನೆಲದ ಹತ್ತಿರ ರೆಟ್ರೋಗ್ರೇಡ್ ಹಿಡಿದು ಇಳಿಯುತ್ತಿರುವಾಗ ಎಂಜಿನ್ ಒಂದು ಕ್ಷಣ ಹೆಚ್ಚಾಗಿ ಉರಿದು ನೌಕೆ ತುಸು ಮೇಲಕ್ಕೆ ಎದ್ದರೆ, ಚಲನೆಯ ದಿಕ್ಕು ಮೇಲಾಗಿ ರೆಟ್ರೋಗ್ರೇಡ್ ಗುರುತು ನೀಲಿಯಿಂದ ಕಂದಿಗೆ ಜಿಗಿಯುತ್ತದೆ, ವಿಧೇಯವಾದ ನೌಕೆ ಅದನ್ನು ಹಿಂಬಾಲಿಸಿ ನೆಲದಿಂದ ಹತ್ತು ಮೀಟರ್ ಮೇಲೆ ಲಾಗ ಹಾಕುತ್ತದೆ. ಹಾಗಾಗಿ ಕೊನೆಯ ಕೆಲವು ಕ್ಷಣ ಆ ನೆರವನ್ನು ಬಿಡಿಸಿ, ಬರಿಯ ಸ್ಥಿರತೆಗೆ ಬದಲಿಸಿಕೊಳ್ಳಬೇಕು.

ಮುನ್‌ನ ರಾತ್ರಿಯ ಕಡೆಗೆ ನಾನು ಮತ್ತೊಮ್ಮೆ ಹೋದಾಗ ಕ್ಯಾಮೆರಾವನ್ನು ಬೇಕೆಂದೇ ಖಾಲಿ ಆಕಾಶದತ್ತ ತಿರುಗಿಸಿ ಗೋಳವನ್ನಷ್ಟೇ ನೋಡುತ್ತಾ ಇಳಿದೆ. ಪಟ್ಟಿ ನೆಲದ ಕ್ರಮದಲ್ಲಿದೆಯೇ ಎಂದು ಎರಡು ಸಲ ನೋಡಿಕೊಂಡೆ. ದಿಗಂತದ ಬಳಿ ಇದ್ದ ರೆಟ್ರೋಗ್ರೇಡ್ ಗುರುತು ಎಂಜಿನ್ ಉರಿದಂತೆಲ್ಲ ಮೆಲ್ಲಗೆ ನೀಲಿಯೊಳಗೆ ಏರಿ ನೆತ್ತಿಗೆ ಬಂತು, ವೇಗದ ಅಂಕಿ ಇಳಿಯುತ್ತಾ ಬಂದು ಸೊನ್ನೆಯಲ್ಲಿ ನಿಂತಿತು. ಸುತ್ತ ಕತ್ತಲೆ. ಹಳದಿ ಗುರುತು ಮಾತ್ರ ನೆತ್ತಿಯ ಬಿಂದುವಿನಿಂದ ಹತ್ತು ಡಿಗ್ರಿಯಷ್ಟು ದೂರ ಸರಿದಿತ್ತು: ನೌಕೆ ನಿಂತದ್ದು ಇಳಿಜಾರಿನ ಮೇಲೆ.