ಅಪ್ಪನ ಪಂಚೆಯಲ್ಲಿ ಹೊಲಿದ ದಿಂಬು: ಮೂರು ವರ್ಷ ಮಲಗಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಅಂಗಡಿ ಮಾಲಲ್ಲ. ಅಪ್ಪನ ಹಳೆ ಪಂಚೆ, ಮನೆಯ ಹಳೆ ಬೆಡ್‌ಶೀಟು, ತವರುಮನೆ ಹಿತ್ತಲಿನ ಬೂರುಗದ ಹತ್ತಿ, ಇಷ್ಟರಲ್ಲಿ ನಾನೇ ಹೊಲಿದುಕೊಂಡದ್ದು. ಹೊಲಿದ ವಾರವೇ ಬರೆದಿದ್ದರೆ ಬರೀ ಹೊಗಳುತ್ತಿದ್ದೆ.

ಇದಕ್ಕೂ ಮುಂಚಿನದು ಫೇಲು. ಹಳೆ ನೈಟಿ, ಚೂಡಿದಾರಗಳನ್ನೆಲ್ಲ ಚೂರು ಮಾಡಿ ತುಂಬಿದ್ದೆ. ತಿಂಗಳಲ್ಲೇ ಒತ್ತಿಕೊಂಡು ಕಲ್ಲಾಯಿತು, ಬೆಳಿಗ್ಗೆ ಎದ್ದರೆ ಕುತ್ತಿಗೆ ತಿರುಗುತ್ತಿರಲಿಲ್ಲ. ಮಳೆಗಾಲದಲ್ಲಿ ಮುಗ್ಗಲು ವಾಸನೆ ಬೇರೆ. ಅದೀಗ ಬಾಲ್ಕನಿ ಕುರ್ಚಿಯ ಮೇಲಿದೆ. ಕೂರುವುದಕ್ಕೆ ಪರವಾಗಿಲ್ಲ.

ಬೂರುಗ ಮೆತ್ತಗಿರುತ್ತದೆ ನಿಜ, ಆದರೆ ಬೀಜ ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಎರಡು ಮಧ್ಯಾಹ್ನ, ಬಾಗಿಲು ಹಾಕಿಕೊಂಡು, ಫ್ಯಾನ್ ಆಫ್ ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದೆ. ಆದರೂ ಹುಬ್ಬಿನ ಮೇಲೆಲ್ಲ ಹತ್ತಿ. ಧೂಳಿಗೆ ಸೀನುವವರು ಈ ಕೆಲಸಕ್ಕೆ ಕೈ ಹಾಕಬೇಡಿ.

ನಿಜವಾದ ಪಾಠ ಕಲಿಸಿದ್ದು ಒಳಚೀಲ. ಬೂರುಗದ ಎಳೆ ಗಿಡ್ಡ, ಜಾರುವಂಥದ್ದು, ತೆಳು ಬಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಮೊದಲು ಅಮ್ಮನ ಸವೆದ ವಾಯಿಲ್ ಸೀರೆಯಲ್ಲಿ ಹೊಲಿದಿದ್ದೆ. ಎರಡೇ ವಾರಕ್ಕೆ ತಲೆಗೂದಲಲ್ಲಿ ಬಿಳಿ ಎಳೆ, ಆಫೀಸಿನಲ್ಲಿ "ಏನ್ರೀ, ಹತ್ತಿ ಮಿಲ್ಲಿಗೆ ಸೇರಿದ್ರಾ?" ಅಂತ ಕೇಳಿದರು. ಎಲ್ಲ ಬಿಚ್ಚಿ, ಪಂಚೆಯನ್ನು ಎರಡು ಪದರ ಮಾಡಿ ಮತ್ತೆ ಹೊಲಿದೆ.

ಹಳೆ ಬಟ್ಟೆ ಕತ್ತರಿಸುವ ಮುಂಚೆ ಸುಮ್ನೆ ಒಂದ್ಸಲ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಪಂಚೆ ಕೂರುವ ಜಾಗದಲ್ಲಿ, ಬೆಡ್‌ಶೀಟು ನಡುವಿನಲ್ಲಿ ಜಾಲರಿಯಂತಾಗಿರುತ್ತದೆ, ಅಂಚಿನ ಕಡೆ ಇನ್ನೂ ಗಟ್ಟಿ. ನಾನು ಅಂಚಿನ ಕಡೆಯಿಂದಲೇ 17×25 ಇಂಚು ಕತ್ತರಿಸಿದೆ. ಮೊದಲು ಹೊರಮೈಯಿಂದ ಕಾಲಿಂಚು ಹೊಲಿಗೆ, ಆಮೇಲೆ ಮಗುಚಿ ಒಳಗಿಂದ ಇನ್ನೊಂದು ಸಾಲು. ಅಂಚು ಒಳಗೆ ಮುಚ್ಚಿಹೋಗುವುದರಿಂದ ಎಳೆ ನುಸುಳುವುದಿಲ್ಲ. ತುಂಬುವುದಕ್ಕೆ ಆರು ಇಂಚು ಬಾಯಿ ಬಿಟ್ಟು, ಕೊನೆಗೆ ಕೈಹೊಲಿಗೆ ಹಾಕಿದೆ. ದಿಂಬು ಸುಮಾರು 16×24 ಬಂತು. ಅಂಗಡಿಯ 17×27 ಕವರ್ ಇದಕ್ಕೆ ಜೋಲುತ್ತದೆ, ಹಾಗಾಗಿ ಕವರನ್ನೂ ಬೆಡ್‌ಶೀಟಿನಲ್ಲೇ ಹೊಲಿಯಬೇಕಾಯಿತು.

ಮೂರು ವರ್ಷದ ಲೆಕ್ಕ ಅಂದರೆ, ಎತ್ತರ ಇಳಿದಿದೆ. ಹೊಸದರಲ್ಲಿ ಐದು ಇಂಚು ಇದ್ದದ್ದು ಈಗ ಮೂರೂವರೆ ಇರಬಹುದು, ಅದೂ ಹೋದ ಬೇಸಿಗೆಯಲ್ಲಿ ಮೂಲೆ ಬಿಚ್ಚಿ ಎರಡು ಹಿಡಿ ಹತ್ತಿ ಸೇರಿಸಿದ ಮೇಲೆ. ಬಿಸಿಲಿಗೆ ಹಾಕಿ ಕೈಯಲ್ಲಿ ತಟ್ಟಿದರೆ ಅರಳುತ್ತದೆ, ಮಳೆಗಾಲದಲ್ಲಿ ಆ ಭಾಗ್ಯವಿಲ್ಲ. ಒಗೆಯುವ ಹಾಗಂತೂ ಇಲ್ಲವೇ ಇಲ್ಲ. ಮಗ ಒಮ್ಮೆ ಲೋಟ ನೀರು ಚೆಲ್ಲಿದ್ದ, ಆ ಮೂಲೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಈಗಲೂ ಕೈಗೆ ಸಿಗುತ್ತದೆ. ಹೊಲಿಗೆ ಎಲ್ಲೂ ಬಿಟ್ಟಿಲ್ಲ. ಕವರ್ ಮಾತ್ರ ಹೊಲಿಗೆಯ ಪಕ್ಕದಲ್ಲೇ ಹರಿದು ತೇಪೆ ಹಾಕಿದ್ದೇನೆ, ನೂಲು ಹೊಸದು ಬಟ್ಟೆ ಹಳೆಯದು ಅಂದರೆ ಹಾಗೇ.

ಖರ್ಚು ಒಂದು ರೀಲು ನೂಲು. ಕುತ್ತಿಗೆ ನೋವಿಲ್ಲ, ಬೇಸಿಗೆಯಲ್ಲಿ ತಲೆ ಬೆವರುವುದೂ ಕಡಿಮೆ. ಎತ್ತರದ ದಿಂಬೇ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ನಮ್ಮ ಮನೆಯವರು ಎರಡು ದಿನ ಮಲಗಿ ವಾಪಸ್ ಕೊಟ್ಟರು.

ಮೊನ್ನೆ ಅಪ್ಪ ಬಂದಿದ್ದರು. ಕವರ್ ಸರಿಸಿ, ಪಂಚೆಯ ಅಂಚು ಗುರುತು ಹಿಡಿದು, "ಇದು ಇನ್ನೂ ಉಡುವ ಹಾಗಿತ್ತಲ್ಲೇ!" ಅಂದರು.